ಎರಡು ಬಾಯಿಯ ಬಿಲ

ಬಸಿಲಿಸಾಳನ್ನು ಮಣ್ಣು ಮಾಡಿದ ದಿನ ಪಾದ್ರಿಗಳು, "ಈಕೆ ಎಲ್ಲರನ್ನೂ ಕ್ಷಮಿಸಿ ಹೋದ ತಾಯಿ" ಎಂದರು. ಪಾಪ, ಹೊಸಬರು. ತಿಂಗಳಿಗೊಮ್ಮೆ ದೋಣಿಯಲ್ಲಿ ಬಂದು, ಪ್ರಾರ್ಥನೆ ಮುಗಿಸಿ, ನೀರು ಇಳಿಯುವುದರೊಳಗೆ ಹಿಂತಿರುಗುವವರಿಗೆ ನಮ್ಮ ಸಿಲಾಂಗನ್ ದ್ವೀಪದ ಹೆಂಗಸರ ಹೊಟ್ಟೆಯೊಳಗೆ ಏನಿದೆ ಎಂದು ಹೇಗೆ ಗೊತ್ತಾಗಬೇಕು? ನನಗೆ ನಗು ಬಂತು. ಕೆಮ್ಮು ಬಂದವಳಂತೆ ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡೆ. ಬಸಿಲಿಸಾ ಒಬ್ಬನನ್ನು ಕ್ಷಮಿಸಲಿಲ್ಲ. ಸಾಯುವವರೆಗೂ ಕ್ಷಮಿಸಲಿಲ್ಲ. ಅದರಿಂದ ಅವಳ ಆರೋಗ್ಯವೇನೂ ಕೆಡಲಿಲ್ಲ, ಮುದುಕಿಯಾದ ಮೇಲೂ ಗಟ್ಟಿಮುಟ್ಟಾಗಿಯೇ ಇದ್ದಳು. ಅವಳ ಕಥೆಗೆ ಸಕ್ಕರೆ ಬೆರೆಸಿ ಹೇಳುವವರು ಈಗಾಗಲೇ ಹುಟ್ಟಿಕೊಂಡಿದ್ದಾರೆ. ಅದಕ್ಕೇ ನಾನು ಹೇಳುತ್ತಿದ್ದೇನೆ. ನಾನು ಕೊಲಾಸಾ, ಅವಳ ಪಕ್ಕದ ಮನೆಯವಳು, ದಡದಲ್ಲಿ ತೆಂಗಿನಗರಿಯ ಪೊಟ್ಟಣದಲ್ಲಿ ಅನ್ನ ಬೇಯಿಸಿ ಮಾರುವವಳು. ಅವಳ ಸೇಡನ್ನು ಬಿಟ್ಟು ಅವಳ ಒಳ್ಳೆಯತನವನ್ನು ಹೇಳಲು ನನಗೆ ಬರುವುದಿಲ್ಲ.

ನಮ್ಮ ಊರಿನ ಒಲೆ ಉರಿಯುವುದೇ ಪಿತಿಕ್‌ನಿಂದ. ಅದು ಸಿಗಡಿಯ ಬಳಗದ್ದು, ಆದರೆ ಸಿಗಡಿಯ ಸಾಧುತನ ಅದಕ್ಕಿಲ್ಲ. ದೊಡ್ಡದಾದರೆ ಮೊಳದಷ್ಟು ಉದ್ದ, ಮೈತುಂಬ ಕಪ್ಪು ಪಟ್ಟೆ. ಮುಂಗೈಗಳನ್ನು ಸೂರ್ಯನಕುದುರೆ ಹುಳದ ಹಾಗೆ ಮಡಿಸಿ ಎದೆಗೆ ಒತ್ತಿಕೊಂಡು ಕೂರುತ್ತದೆ, ನೋಡಿದವರು ಭಕ್ತಿ ಎಂದುಕೊಳ್ಳಬೇಕು. ಆ ಮಡಿಕೆಯೊಳಗೆ ಸಾಲು ಮುಳ್ಳು. ಇಳಿತಕ್ಕೆ ಬಯಲಾಗುವ ಮರಳಿನಲ್ಲಿ ಬಿಲ ತೋಡಿ, ಬಿಲದ ಬಾಯಿಗೆ ತನ್ನದೇ ಲೋಳೆಯಲ್ಲಿ ಮರಳು ಕಲಸಿ ತೆಳ್ಳಗೆ ಮುಚ್ಚಳ ಕಟ್ಟಿ, ನಡುವೆ ಸಣ್ಣ ತೂತು ಬಿಟ್ಟು ಅಲ್ಲಿಂದ ಕಣ್ಣಿಡುತ್ತದೆ. ಕಡ್ಡಿಯ ಮೇಲೆ ಕೂತ ಆ ಕಣ್ಣುಗಳು ಒಂದು ಆ ಕಡೆ ತಿರುಗಿದರೆ ಇನ್ನೊಂದು ಈ ಕಡೆ. ಮೇಲೆ ಮೀನು ಹಾದುಹೋಗುತ್ತದೆ. ಮರಳು ಒಂದಿಷ್ಟು ಎದ್ದು ಕೂರುತ್ತದೆ. ಮೀನು ಇಲ್ಲ. ಪಿತಿಕ್ ಹೊಡೆದದ್ದನ್ನು ಕಣ್ಣಾರೆ ಕಂಡೆ ಎನ್ನುವವನು ಸುಳ್ಳುಗಾರ. ಮುಳ್ಳು ಚುಚ್ಚಿ, ಎಳೆದು, ಒಳಗೆ ಒಯ್ದು ಆದ ಮೇಲಿನದನ್ನು ಮಾತ್ರ ನಾವು ಕಾಣುವುದು.

ಅದನ್ನು ಹಿಡಿಯುವುದು ಹೀಗೆ. ಬಿದಿರಿನ ಕಡ್ಡಿಗೆ ಮೀನಿನ ತುಂಡು ಕಟ್ಟಿ, ಸುತ್ತ ನೈಲಾನ್ ದಾರದ ಉರುಲು ಬಿಗಿದು, ಬಿಲದ ಬಾಯಲ್ಲಿ ಊರಿ ಕಾಯುತ್ತಾರೆ. ಅದು ಎರೆಗೆ ಹೊಡೆಯುತ್ತದೆ. ಹೊಡೆದ ಕೈಯೇ ಉರುಲೊಳಗೆ ಹೋಗಿ ಸಿಕ್ಕಿಕೊಳ್ಳುತ್ತದೆ. ಸುಮ್ಮನೆ ಕೂತ ಪಿತಿಕ್ಕನ್ನು ಯಾವ ಶೂರನೂ ಹೊರಗೆಳೆಯಲಾರ.

ಒಂದು ಬಿಲಕ್ಕೆ ಎರಡು ಬಾಯಿ, ನಡುವೆ ಒಂದು ದೋಣಿಯುದ್ದ ಅಂತರ. ಒಳಗೆ ಗಂಡು ಹೆಣ್ಣು ಜೋಡಿ, ಬದುಕಿರುವವರೆಗೆ ಒಂದೇ ಸಂಸಾರ. ಗಂಡು ಒಂದು ಬಾಯಲ್ಲಿ ಕೂತು ಬೇಟೆಯಾಡಿ ಕೆಳಗಿರುವ ಹೆಣ್ಣಿಗೆ ಒಯ್ದು ಕೊಡುತ್ತದೆ. ಇನ್ನೊಂದು ಬಾಯಿ ಮರಳು ಮುಚ್ಚಿಕೊಂಡು ಸತ್ತಂತಿರುತ್ತದೆ. ಹೆಣ್ಣು ಹೊಡೆಯುವುದಿಲ್ಲ ಎಂಬುದು ನಮ್ಮ ಅಜ್ಜಂದಿರ ಕಾಲದ ಮಾತು. ಗಂಡನ್ನು ಹಿಡಿದರೆ ಹೆಣ್ಣನ್ನು ಬಿಡಬೇಕು, ಅದರ ಬಳಿ ಹೊಸ ಗಂಡು ಬಂದು ಸೇರುತ್ತದೆ, ಬಿಲ ಉಳಿಯುತ್ತದೆ, ಹೆಣ್ಣನ್ನು ತೆಗೆದವನು ಬಯಲಿಗೆ ಕಾಲಿಡಬಾರದು ಎಂಬುದು ಊರಿನ ಕಟ್ಟಳೆ. ಅದೇ ಮಾತಿನ ಬಾಲ ಹಿಡಿದು ಬಂದದ್ದು ಇನ್ನೊಂದು ಕಟ್ಟಳೆ. ಉರುಲು ಗಂಡಸರ ಕೆಲಸ. ಹೆಂಗಸರು ಬುಟ್ಟಿ, ಚಮಚ ಹಿಡಿದು ಮರಳಿನಲ್ಲಿ ಚಿಪ್ಪು ಹೆಕ್ಕಬಹುದು, ಬಿಲಕ್ಕೆ ಬಗ್ಗಿ ನೋಡಬಾರದು.

ಬಸಿಲಿಸಾಳ ಗಂಡ ಮೆನೋ ಒಳ್ಳೆಯ ಬೇಟೆಗಾರ. ಚರ್ಚಿನ ಹಿಂದಿನ ಮರಳುಪಟ್ಟಿ ಅವನ ಅಪ್ಪ ಅವನಿಗೆ ಬಿಟ್ಟುಹೋದದ್ದು. ಸಂಜೆ ತೆಂಗಿನ ಕಳ್ಳು ಹೀರುತ್ತ ಹೆಂಡತಿಗೆ ಬೇಟೆಯನ್ನೆಲ್ಲ ಆಡಿ ತೋರಿಸುತ್ತಿದ್ದ. ತಾನೇ ಪಿತಿಕ್ ಆಗಿ, ಕೈ ಮಡಿಸಿ, ಕಣ್ಣು ಹೊರಳಿಸಿ, ಮಗಳು ಪಿನಿಂಗ್‌ಳ ತಟ್ಟೆಯಿಂದ ಒಣಮೀನು ಹಾರಿಸುತ್ತಿದ್ದ. ಮಗು ಕಿರುಚಿ ನಗುವುದು ನಮ್ಮ ಮನೆಗೆ ಕೇಳುತ್ತಿತ್ತು. ಅವನು ಸತ್ತದ್ದು ಹೊಟ್ಟೆನೋವಿನಿಂದ, ಎದುರಿನ ದೊಡ್ಡ ದ್ವೀಪ ಬೋಹೋಲ್‌ನ ಆಸ್ಪತ್ರೆಗೆ ಒಯ್ಯುವ ದೋಣಿಯಲ್ಲೇ. ಪಿನಿಂಗ್‌ಗೆ ಆಗಿನ್ನೂ ಹಾಲುಹಲ್ಲು ಬೀಳುವ ವಯಸ್ಸು.

ಒಂಬತ್ತನೇ ದಿನದ ಪ್ರಾರ್ಥನೆ ಮುಗಿದು ಎಲ್ಲರೂ ಊಟಕ್ಕೆ ಕೂತಾಗ ಮೆನೋನ ಅಣ್ಣ ಕಾರ್ಪೋ ಎದ್ದುನಿಂತ. ದೊಡ್ಡ ದನಿ, ದೊಡ್ಡ ಹೊಟ್ಟೆ, ಎದುರಿಗಿದ್ದವರ ಹೆಗಲ ಮೇಲೆ ಕೈ ಹೇರಿ ಮಾತಾಡುವ ಚಾಳಿ.

"ನೋಡ್ರಪ್ಪಾ, ನನ್ ತಮ್ಮ ಹೋದ. ಅವ್ನ್ ಹೆಂಡ್ತಿ ಈಗ ಬಿಲದ ತಳದಲ್ಲಿ ಕೂತಿರೋ ಹೆಣ್ಣು. ಅವ್ಳು ಹೊಡಿಯೋಳಲ್ಲ. ತಂದ್ಕೊಡೋನು ಒಬ್ಬ ಬೇಕಲ್ವಾ? ನಾನಿದೀನಿ. ಮೆನೋನ ಪಟ್ಟಿ ಇನ್ಮೇಲೆ ನಾನ್ ನೋಡ್ಕೋತೀನಿ. ಮಗೂನೂ ನಮ್ಮನೇಲೇ ಇರ್ಲಿ. ಬೇಟೆ ಎಲ್ಲಿಗ್ ಬರುತ್ತೋ ಮಗೂ ತಟ್ಟೆ ಅಲ್ಲಿರ್ಬೇಕು."

ಎಂಥ ದೊಡ್ಡ ಮನಸ್ಸು ಎಂದು ಎಲ್ಲರೂ ತಲೆದೂಗಿದರು. ಬಸಿಲಿಸಾ ಬಡಿಸುವ ಸೌಟು ಹಿಡಿದು ನಿಂತಿದ್ದಳು.

"ಮನೋಯ್ ಕಾರ್ಪೋ," ಎಂದಳು. ಗಂಡನ ಅಣ್ಣನನ್ನು ನಾವು ಹಾಗೇ ಕರೆಯುವುದು, ಕಿರಿಯ ಹೆಂಗಸನ್ನು ದಾಯ್ ಎಂದು, ಹಿರಿಯಳನ್ನು ನಾಂಗ್ ಎಂದು. "ಪಟ್ಟಿ ಬೇಕಾದ್ರೆ ತಗೊ. ಮಗು ನನ್ ಹತ್ರ ಇರ್ಲಿ."

"ಇಟ್ಕೊಂಡು ಏನ್ ತಿನ್ನಿಸ್ತೀಯಾ ದಾಯ್? ಕಣ್ಣೀರಾ?"

ಜನ ನಕ್ಕರು. ಅವಳು ಮಾಡಿದ ಹಂದಿಮಾಂಸದ ಸಾರು ಬಾಯಲ್ಲಿಟ್ಟುಕೊಂಡೇ ನಕ್ಕರು. ಕಾರ್ಪೋನ ಹೆಂಡತಿ ಮಗುವಿನ ಬಟ್ಟೆಯನ್ನು ಗಂಟು ಕಟ್ಟಿದಳು. ಪಿನಿಂಗ್ ಬಾಗಿಲವರೆಗೂ ತಾಯಿಯ ಲಂಗ ಹಿಡಿದುಕೊಂಡೇ ಹೋಯಿತು, ಆಮೇಲೆ ಯಾರೋ ಬೆರಳು ಬಿಡಿಸಿದರು.

ಕಾರ್ಪೋ ತಂದುಕೊಡಲಿಲ್ಲ ಎಂದು ನಾನು ಹೇಳುವುದಿಲ್ಲ. ತಂದ. ಕೈ ಮುರಿದದ್ದು, ಚಿಪ್ಪು ಬಿರಿದು ನೀರು ಸುರಿಯುವುದು, ಕೊಳ್ಳುವವರು ಮೂಗು ಮುಚ್ಚಿಕೊಂಡು ಬೇಡವೆಂದದ್ದು. "ದಾಯ್, ನಿನ್ ಪಾಲು!" ಎಂದು ಬೇಲಿಯಾಚೆಯಿಂದ ಎಸೆದು ಹೋಗುತ್ತಿದ್ದ. ಪಿನಿಂಗ್ ಅವನ ಮನೆಯಲ್ಲಿ ಮುಸುರೆ ತಿಕ್ಕುತ್ತ, ಅವನ ಗಂಡುಮಕ್ಕಳ ಬಟ್ಟೆ ಒಗೆಯುತ್ತ ಬೆಳೆಯಿತು. ಭಾನುವಾರ ಚರ್ಚಿನಲ್ಲಿ ತಾಯಿಯ ಪಕ್ಕ ಕೂರಲು ಬಿಡುತ್ತಿದ್ದರು. ಅಂಥ ಒಂದು ಭಾನುವಾರ ಮಗಳ ಅಂಗೈ ಸವರಿ ನೋಡಿದ ಬಸಿಲಿಸಾ ನೇರ ನನ್ನ ಒಲೆಯ ಮುಂದೆ ಬಂದು ಕೂತಳು. ಮುದುಕಿಯ ಕೈ ಇದ್ದಂತಿತ್ತಂತೆ.

"ನಾಂಗ್ ಕೊಲಾಸಾ, ಅವ್ನು ಸಾಯ್ಬಾರ್ದು," ಎಂದಳು.

"ಯಾರೇ?"

"ಕಾರ್ಪೋ. ದಿನಾ ಮೇರಿಯಮ್ಮನ್ನ ಬೇಡ್ಕೊತೀನಿ, ಅವ್ನಿಗೆ ಒಳ್ಳೆ ಆಯಸ್ಸು ಕೊಡು ಅಂತ. ಅವ್ನ್ ಸತ್ತೋದ್ರೆ ನಾನ್ ಯಾರ್ ಮೇಲೆ ತೀರಿಸ್ಕೊಳ್ಲಿ?"

"ಏನ್ ಮಾಡ್ಬೇಕು ಅಂತಿದೀಯ?"

"ಆವತ್ತು ಊಟದಲ್ಲಿ ಆಡಿದ್ನಲ್ಲ, ಹೆಣ್ಣು ಹೊಡಿಯಲ್ಲ ಅಂತ. ಆ ಮಾತನ್ನ ಅವ್ನ್ ಬಾಯಿಂದ್ಲೇ ಕಕ್ಕಿಸ್ತೀನಿ. ಅಷ್ಟೇ ಜನದ್ ಮುಂದೆ. ಆಮೇಲೆ ನನ್ ಮಗು ಮನೆಗ್ ಬರ್ಬೇಕು."

ಹೇಗೆ ಎಂದು ಕೇಳಿದೆ. ಗೊತ್ತಿಲ್ಲ ಎಂದಳು. ನನಗೆ ಕನಿಕರವಾಗಲಿಲ್ಲ, ಸಮಾಧಾನವಾಯಿತು. ಅಲ್ಲಿಯವರೆಗೆ ಇವಳು ಅತ್ತು ಅತ್ತು ಸವೆದುಹೋಗುತ್ತಾಳೆ ಎಂದು ಹೆದರಿದ್ದೆ.

ದಾರಿ ತೋರಿಸಿದ್ದು ಒಂದು ಪಿತಿಕ್. ಅವಳು ಮೆನೋನ ಪಟ್ಟಿಯಲ್ಲೇ ಕುಕ್ಕರಗಾಲಿನಲ್ಲಿ ಕೂತು ಚಮಚದಿಂದ ಮರಳು ಕೆದಕಿ ಚಿಪ್ಪು ಹೆಕ್ಕುತ್ತಿದ್ದಳು. ಪಕ್ಕದ ಬಿಲದಿಂದ ಕಾರ್ಪೋ ಗಂಡನ್ನು ಹಿಡಿದೊಯ್ದು ಸ್ವಲ್ಪ ದಿನವಾಗಿತ್ತು. ಹೊಳೆಯುವ ಚಮಚ ಆ ಬಿಲದ ಮೇಲೆ ಹಾದದ್ದೇ ತಡ, ಟಣ್ ಎಂದು ಅವಳ ಕೈಯಿಂದ ಹಾರಿಹೋಯಿತು. ಚಮಚ ಎತ್ತಿಕೊಂಡು ನನ್ನಲ್ಲಿಗೆ ಓಡಿಬಂದಳು. ಗಂಡ ಹೋದ ಮೇಲೆ ಅವಳ ಹಲ್ಲು ನಾನು ಕಂಡದ್ದು ಅಂದೇ.

"ಹೊಡಿತಾಳೆ ನಾಂಗ್! ಹೆಣ್ಣೂ ಹೊಡಿತಾಳೆ!"

"ತಲೆ ಕೆಟ್ಟಿದ್ಯಾ? ಹೊಸ ಗಂಡು ಬಂದು ಸೇರಿರ್ಬೇಕು."

"ಮೀನ್ ತೋರ್ಸಿ ಮೇಲ್ ಕರ್ಸಿ ನೋಡ್ದೆ. ಸಣ್ಣ ಕೈ, ಸಣ್ಣ ಕಣ್ಣು. ಹೆಣ್ಣೇ. ತಂದ್ಕೊಡೋನು ಇದ್ದಾಗ ಸುಮ್ನಿರ್ತಾಳೆ ಅಷ್ಟೇ. ಹಸಿವಾದ್ರೆ ಅವ್ಳೇ ಬಂದ್ ಬಾಯಲ್ಲಿ ಕೂರ್ತಾಳೆ."

"ಹಾಗಿದ್ರೆ ಹೋಗಿ ಊರಿಗೆಲ್ಲ ಹೇಳು."

"ನಾನ್ ಹೇಳಿದ್ರೆ ಯಾರ್ ನಂಬ್ತಾರೆ? ಬಿಲಕ್ಕೆ ಯಾಕ್ ಬಗ್ಗಿದೆ ಅಂತ ಬೈತಾರೆ. ನಾನ್ ಹೇಳಲ್ಲ ನಾಂಗ್. ಅವ್ನೇ ಹೇಳ್ಬೇಕು."

ನಮ್ಮಲ್ಲಿ ಒಂದು ಹಳೆಯ ಪದ್ಧತಿ ಇತ್ತು, ಎರಡು ಬಾಯಿಯ ತೀರ್ಮಾನ ಎಂದು. ಮರಳುಪಟ್ಟಿಯ ಜಗಳ ಮಾತಿನಲ್ಲಿ ಬಗೆಹರಿಯದಿದ್ದರೆ ಸವಾಲು ಹಾಕಿದವರು ಒಂದು ಬಿಲ ತೋರಿಸಬೇಕು. ಎದುರಾಳಿ ಅದರ ಎರಡು ಬಾಯಲ್ಲಿ ತನಗೆ ಬೇಕಾದ್ದನ್ನು ಆರಿಸಿಕೊಳ್ಳಬೇಕು. ಇಬ್ಬರೂ ಉರುಲು ಊರಿ ಕಾಯುತ್ತಾರೆ. ಯಾರ ಎರೆಗೆ ಪಿತಿಕ್ ಹೊಡೆಯುತ್ತದೋ ಪಟ್ಟಿ ಅವರದು. ನಾನು ಹುಟ್ಟಿದ ಮೇಲೆ ಯಾರೂ ಅದನ್ನು ಕೇಳಿದ್ದಿಲ್ಲ. ಗಂಡು ಕೂತ ಬಾಯಿ ಯಾವುದೆಂದು ಕಣ್ಣಿದ್ದವರಿಗೆಲ್ಲ ಕಾಣುತ್ತದೆ, ಆರಿಸುವವನು ಅದನ್ನೇ ಆರಿಸುತ್ತಾನೆ, ಸವಾಲು ಹಾಕಿದವನು ಸತ್ತ ಬಾಯಿಯ ಮುಂದೆ ಕೂತು ಸೋಲುತ್ತಾನೆ. ಬುದ್ಧಿಯಿದ್ದವರು ಯಾರು ಕೇಳುತ್ತಾರೆ? ಹೆಂಗಸು ಕೇಳಬಾರದು ಎಂದು ಮಾತ್ರ ಯಾರೂ ಹೇಳಿರಲಿಲ್ಲ. ಕೇಳಿಯಾಳು ಎಂದು ಯಾರಿಗೂ ಹೊಳೆದಿರಲಿಲ್ಲ.

ಅವಳು ಪಟ್ಟಿಯ ಅಂಚಿನಲ್ಲಿ, ಕಡಲಹುಲ್ಲು ಬೆಳೆದು ಕಾರ್ಪೋ ಹೆಚ್ಚು ಸುಳಿಯದ ಕಡೆ ಒಂದು ಬಿಲ ನೋಡಿಟ್ಟಳು. ಒಂದು ಮುಂಜಾನೆಯ ಇಳಿತದಲ್ಲಿ, ಗಂಡಸರೆಲ್ಲ ಬೇರೆ ದಿಕ್ಕಿನಲ್ಲಿದ್ದಾಗ, ನನ್ನ ಬೇಲಿಯ ಬಿದಿರು, ಅವಳ ಗಂಡನ ದಾರ ಹಿಡಿದು ಹೋಗಿ ಅದರ ಗಂಡನ್ನು ಹಿಡಿದು ತಂದಳು. ಬುಟ್ಟಿಯಲ್ಲಿ ಚಿಪ್ಪಿನಡಿ ಮುಚ್ಚಿ ತಂದಿದ್ದಳು. ನನ್ನ ಒಲೆಯಲ್ಲೇ ಬೇಯಿಸಿ ತೆಂಗಿನ ವಿನೆಗರ್ ಅದ್ದಿ ಇಬ್ಬರೂ ತಿಂದೆವು. ರುಚಿಯಾಗಿತ್ತು. ಯಾರ ಬಾಯಿಂದಲೋ ಕಿತ್ತುಕೊಂಡದ್ದರ ರುಚಿಯೇ ಬೇರೆ.

ಆಮೇಲೆ ಶುರುವಾಯಿತು ಅವಳ ನಿಜವಾದ ಬೇಟೆ. ಒಳಗಿನ ಹೆಣ್ಣನ್ನು ಮೊದಲು ಹಸಿಯಲು ಬಿಟ್ಟಳು. ಆಮೇಲೆ ಇಳಿತಕ್ಕೊಮ್ಮೆ ಒಂದು ಬೆರಳುಮೀನು ಬುಟ್ಟಿಯಲ್ಲಿಟ್ಟುಕೊಂಡು ಹೋಗಿ, ಗಂಡು ಕೂರುತ್ತಿದ್ದ ಬಾಯಿ ಬಿಟ್ಟು ಇನ್ನೊಂದು ಬಾಯಿಗೆ, ಆ ಸತ್ತ ಬಾಯಿಗೆ ಒಡ್ಡಿದಳು. ಮರಳನ್ನು ಬೆರಳಿನಿಂದ ಮೆಲ್ಲಗೆ ಕೆರೆದು ಕಾಯುತ್ತಿದ್ದಳು. ಮೊದಮೊದಲು ಏನೂ ಇಲ್ಲ. ಒಂದು ದಿನ ಮರಳು ಅಲುಗಿತು. ಇನ್ನೊಂದು ದಿನ ಮೀನು ಹೋಯಿತು. ಕೊನೆಕೊನೆಗೆ ಬೆರಳು ಕೆರೆದ ಸದ್ದಿಗೇ ಬಂದು ಹೊಡೆಯತೊಡಗಿತು. ಪ್ರತಿ ಸಲವೂ ಆ ಬಾಯಿಯನ್ನು ಮತ್ತೆ ಮರಳು ಮುಚ್ಚಿ ಸತ್ತಂತೆ ಮಾಡಿ ಬರುತ್ತಿದ್ದಳು. ಗಂಡಿಲ್ಲದ ಬಾಯಿಯ ಮುಚ್ಚಳ ಕುಸಿಯತೊಡಗಿತ್ತಲ್ಲ, ಅದಕ್ಕೆ ಅವಳ ಉಪಾಯ ಕೇಳಿ. ನನ್ನ ಹಿತ್ತಲಿನ ಬೆಂಡೆಕಾಯಿ ಬೇಯಿಸಿ, ಆ ಲೋಳೆಯಲ್ಲಿ ಮರಳು ಕಲಸಿ ಹೊಸ ಮುಚ್ಚಳ ಕಟ್ಟಿದಳು. ಕಣ್ಣಿಡುವ ತೂತನ್ನೂ ಬಿಟ್ಟಳು. ಹೊಸ ಗಂಡು ಬಂದು ಸೇರಿಬಿಟ್ಟರೆ ಗತಿಯೇನು ಎಂದು ದಿನವೂ ಹೆದರುತ್ತಿದ್ದೆವು. ಬರಲಿಲ್ಲ.

ಭಾನುವಾರ ಮಧ್ಯಾಹ್ನ ಕೋಳಿ ಅಂಕ ಮುಗಿಸಿ ಗಂಡಸರೆಲ್ಲ ನನ್ನ ಅಂಗಡಿಯ ಮುಂದೆ ಕಳ್ಳಿಗೆ ಕೂತಿದ್ದರು. ಊರಿನ ಹಿರಿಯ, ನಾವೆಲ್ಲ ಲೋಲೊ ಎಂದರೆ ಅಜ್ಜ ಎಂದು ಕರೆಯುವ ಇಗ್ಮೆಯೂ ಇದ್ದ. ಬಸಿಲಿಸಾ ಬಂದು ಕಾರ್ಪೋನ ಮುಂದೆ ನಿಂತಳು.

"ಮನೋಯ್ ಕಾರ್ಪೋ, ಎರಡು ಬಾಯಿಯ ತೀರ್ಮಾನ ಕೇಳ್ತಿದೀನಿ. ಮೆನೋನ ಪಟ್ಟಿಗೆ."

ಕಾರ್ಪೋನ ಮೂಗಿನಿಂದ ಕಳ್ಳು ಬಂತು. "ದಾಯ್, ಬಾಯಿ ಆರ್ಸ್ಕೊಳೋನು ನಾನು. ಗೊತ್ತಲ್ವಾ?"

"ಗೊತ್ತು."

"ನೀನ್ ಸೋತ್ರೆ?"

"ಸೋತ್ರೆ ಸೆಬು ಪಟ್ಟಣಕ್ಕೆ ಹೋಗಿ ಯಾರ್ದಾದ್ರೂ ಮನೇಲಿ ಪಾತ್ರೆ ತಿಕ್ತೀನಿ. ಪಿನಿಂಗ್ ನಿನ್ನೋಳು. ಅವ್ಳ ಮುಖ ನೋಡೋಕೂ ಬರಲ್ಲ. ಗೆದ್ರೆ ಪಟ್ಟೀನೂ ನಂದು, ಮಗೂನೂ ನಂದು."

ಬೆಂಚಿನ ತುದಿಯಿಂದ ಯಾರೋ ಕೂಗಿದರು. "ಯಾಕೋ ಕಾರ್ಪೋ, ಬುಟ್ಟಿ ಹಿಡಿದೋಳ್ಗೆ ಹೆದ್ರಿದ್ಯಾ?" ಅಷ್ಟು ಸಾಕಾಯಿತು. ಆಗಲಿ ಎಂದು ಮೇಜು ಗುದ್ದಿದ. ಅವನು ಹೋದ ಮೇಲೆ ನಾನು ಅವಳನ್ನು ಅಡುಗೆಮನೆಗೆ ಎಳೆದು ಬಾಯಿಗೆ ಬಂದಂತೆ ಬೈದೆ. ಮಗುವನ್ನೇ ಪಣಕ್ಕಿಡುವ ತಾಯಿ ಎಲ್ಲಾದರೂ ಉಂಟೇ?

"ಸಣ್ಣ ಎರೆ ಇಟ್ರೆ ಅವ್ನು ಮೂಸಿನೂ ನೋಡ್ತಿರ್ಲಿಲ್ಲ ನಾಂಗ್," ಎಂದಳು.

ತೀರ್ಮಾನದ ದಿನ ಊರಿಗೆ ಊರೇ ಪಾದ ಮುಳುಗುವಷ್ಟು ನೀರಿನಲ್ಲಿ ನಿಂತಿತ್ತು. ನಾನೂ ಅಂಗಡಿ ಮುಚ್ಚಿ ಬಂದಿದ್ದೆ. ದಡದಲ್ಲಿ ಪಿನಿಂಗ್, ಗೆದ್ದ ಮೇಲೆ ಕಾರ್ಪೋನ ಬಳಗ ಉಣ್ಣಲೆಂದು ಅನ್ನದ ಪಾತ್ರೆ ಹೊತ್ತು ನಿಂತಿತ್ತು. ಬಸಿಲಿಸಾ ಬಿಲ ತೋರಿಸಿದಳು. ಕಾರ್ಪೋ ಬಗ್ಗಿ ಒಂದು ಬಾಯಿ ನೋಡಿದ, ನಡೆದುಹೋಗಿ ಇನ್ನೊಂದು ನೋಡಿದ, ತಿರುಗಿ ಬಂದು ಬೆಂಡೆಕಾಯಿ ಮುಚ್ಚಳದ ಮುಂದೆ ಕಾಲು ಅಗಲಿಸಿ ನಿಂತ.

"ನಂಗಿದು. ದಾಯ್, ನೀನು ಆ ಮುಚ್ಚಿದ ಬಾಗ್ಲಲ್ಲಿ ಕೂತ್ಕೊಂಡು ತಟ್ಟೆ ಬಡಿ."

ಎಲ್ಲರೂ ನಕ್ಕರು. ಇಬ್ಬರೂ ಉರುಲು ಊರಿದರು. ಕಾರ್ಪೋ ಶಿಳ್ಳೆ ಹಾಕುತ್ತಿದ್ದ. ಸ್ವಲ್ಪ ಹೊತ್ತಿಗೆ ಶಿಳ್ಳೆ ನಿಂತಿತು. ಕಡ್ಡಿ ಸರಿಮಾಡಿದ. ಎರೆ ಬದಲಾಯಿಸಿದ. ಬೆವರು ಒರೆಸಿಕೊಂಡ. ಬಸಿಲಿಸಾ ಚಿಪ್ಪು ಹೆಕ್ಕುವವಳಂತೆ ಕುಕ್ಕರಗಾಲಿನಲ್ಲಿ ಕೂತು, ಒಂದು ಬೆರಳಿನಿಂದ ಮರಳನ್ನು ಕೆರೆಯುತ್ತಿದ್ದಳು. ನಾನು ಜಪಮಾಲೆ ಹಿಡಿದಿದ್ದೆ, ಒಂದು ಮಣಿಯೂ ಮುಂದೆ ಹೋಗಲಿಲ್ಲ.

ಕಡ್ಡಿ ಜಿಗಿಯಿತು. ಮರಳು ಎದ್ದಿತು. ಅವಳು ಎರಡೂ ಕೈಯಲ್ಲಿ ಹಿಡಿದು ಎಳೆದಳು, ಉರುಲಿನಲ್ಲಿ ಒದ್ದಾಡುತ್ತ ಪಟ್ಟೆ ಪಟ್ಟೆಯ ಮೈ ಬಿಸಿಲಿಗೆ ಬಂತು.

ಕಾರ್ಪೋ ನೀರು ಚಿಮ್ಮಿಸುತ್ತ ಓಡಿಬಂದು ನೋಡಿದ. ತಿರುಗಿ ತನ್ನ ಕಡೆಯ ಬಾಯಿಗೆ ಓಡಿ ಮುಚ್ಚಳ ಕಿತ್ತು, ಬೆರಳಲ್ಲಿ ಉಜ್ಜಿ, ಮೂಸಿದ.

"ಇದು ಹೆಣ್ಣು! ಗಂಡೆಲ್ಲಿ? ಇಲ್ನೋಡಿ, ಇದು ಪಿತಿಕ್ ಕಟ್ಟಿದ್ದಲ್ಲ! ಇದೇನೋ... ಬೆಂಡೆಕಾಯಿ!"

ಲೋಲೊ ಇಗ್ಮೆ ಬಸಿಲಿಸಾಳ ಕಡೆ ತಿರುಗಿದ. "ದಾಯ್, ಇದ್ರ ಗಂಡು ಎಲ್ಲಿ?"

ನಾನು ಅವಳು ಸುಳ್ಳು ಹೇಳುತ್ತಾಳೆ ಎಂದುಕೊಂಡಿದ್ದೆ.

"ತಿಂದ್ಬಿಟ್ಟೆ ಲೋಲೊ. ವಿನೆಗರ್ ಹಾಕಿ. ನಾಂಗ್ ಕೊಲಾಸಾನೂ ತಿಂದ್ರು."

ಊರಿನ ಕಣ್ಣೆಲ್ಲ ನನ್ನ ಮೇಲೆ ಬಿತ್ತು. ಹಾಳಾದವಳು, ನನ್ನನ್ನೂ ಸೇರಿಸಿ ಎಳೆದಳು!

"ಮೋಸ!" ಕಾರ್ಪೋ ಕಿರುಚಿದ. "ಕೇಳಿದ್ರಾ? ಅವ್ಳೇ ಒಪ್ಕೊಂಡ್ಲು! ಮೋಸ!"

"ಏನ್ ಮೋಸ ಮನೋಯ್?" ಬಸಿಲಿಸಾಳ ದನಿ ತಣ್ಣಗಿತ್ತು. "ಒಳಗೆ ಉಳಿದಿದ್ದು ಹೆಣ್ಣು. ಹೆಣ್ಣು ಹೊಡಿಯಲ್ಲ ಅಂತ ನೀನೇ ಊರಿಗೆಲ್ಲ ಸಾರಿದ್ದು. ಹಂಗಾದ್ರೆ ಬಿಲ ಖಾಲಿ ಇದ್ದಂಗೇ. ಖಾಲಿ ಬಿಲದ ಮುಂದೆ ಇಬ್ರೂ ಕೂತಿದ್ವಿ. ಅದ್ರಲ್ಲಿ ನಂಗೇನ್ ಲಾಭ?"

"ಬಾಯ್ಮುಚ್ಚು! ಹೊಡ್ದಿದ್ಯಲ್ಲ ಅದು!"

"ಯಾವ್ದು?"

"ಅದೇ! ಆ ಹೆಣ್ಣು!"

"ಹೆಣ್ಣು ಹೊಡಿಯಲ್ವಲ್ಲ ಮನೋಯ್. ಹೊಡ್ದಿದೆ ಅಂದ್ರೆ ಇದು ಗಂಡೇ ಇರ್ಬೇಕು. ಗಂಡಾದ್ರೆ ನಾನ್ ಗೆದ್ದೆ."

ಹಿಂದೆ ಯಾರೋ ಕಿಸಕ್ಕೆಂದರು. ಆಮೇಲೆ ಹೆಂಗಸರು, ಆಮೇಲೆ ಹುಡುಗರು, ಕೊನೆಗೆ ಕಾರ್ಪೋನ ಹೆಂಡತಿಯೂ ಮುಖ ತಿರುಗಿಸಿಕೊಂಡಳು, ಅವಳ ಹೆಗಲು ಕುಲುಕುತ್ತಿತ್ತು. ಕಾರ್ಪೋ ಏನನ್ನು ಬೇಕಾದರೂ ತಡೆದುಕೊಂಡಾನು, ತನ್ನನ್ನು ನೋಡಿ ನಗುವುದನ್ನು ತಡೆಯಲಾರ. ಅವನ ಕತ್ತಿನ ನರ ಉಬ್ಬಿತು.

"ಹೊಡಿಯಲ್ಲ ಅಂತ ಯಾವ ಬೆಪ್ಪ ಹೇಳ್ದ? ಗಂಡಿಗಿಂತ ಜೋರಾಗ್ ಹೊಡಿತಾವೆ! ವರ್ಷಗಟ್ಲೆ ಹಿಡಿದೋನು ನಾನು! ಗಂಡನ್ನ ತೆಗ್ದು, ಹೆಣ್ಣನ್ನ ಹಸಿಯೋಕ್ ಬಿಟ್ಟು, ಆಮೇಲೆ ಉರುಲು ಇಟ್ರೆ ಕಣ್ಮುಚ್ಚೋದ್ರೊಳಗೆ ಬರ್ತಾವೆ! ನಂಗೇ ಹೇಳ್ಕೊಡೋಕ್ ಬಂದ್ಲು!"

ಆಡಿಯಾದ ಮೇಲೆ ಅವನಿಗೆ ಅರ್ಥವಾಯಿತು. ಅವನ ಮುಖದ ರಕ್ತ ಇಳಿದದ್ದನ್ನು ನಾನು ನೋಡಿದೆ. ಹೊಟ್ಟೆ ತುಂಬುವಷ್ಟು ನೋಡಿದೆ.

ನಗು ನಿಂತುಹೋಗಿತ್ತು. ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೆಲವು ವರ್ಷಗಳಿಂದ ಬಯಲಿನಲ್ಲಿ ಬಿಲಗಳು ಒಂದೊಂದಾಗಿ ಸಾಯುತ್ತಿದ್ದವು. ಹೊಸ ಗಂಡು ಯಾಕೆ ಬರುತ್ತಿಲ್ಲ ಎಂದು ಎಲ್ಲರೂ ತಲೆ ಕೆರೆದುಕೊಂಡಿದ್ದರು, ಪಾದ್ರಿಯಿಂದ ಮಂತ್ರದ ನೀರನ್ನೂ ಹಾಕಿಸಿದ್ದರು.

ಬಸಿಲಿಸಾ ನಗಲಿಲ್ಲ. "ಇನ್ನೊಂದ್ ಸಲ ಹೇಳು ಮನೋಯ್," ಎಂದಳು. "ಲೋಲೊಗೆ ಕಿವಿ ಸ್ವಲ್ಪ ಮಂದ."

ಕಾರ್ಪೋ ಕೈಯಲ್ಲಿದ್ದ ಮುಚ್ಚಳದ ಚೂರನ್ನು ನೀರಿಗೆ ಎಸೆದ.

"ಕೇಳಿಸ್ತು," ಎಂದ ಇಗ್ಮೆ. "ದಾಯ್, ನೀನು ಮಾಡಿದ್ದು ಮೋಸ. ಈ ತೀರ್ಮಾನ ನಿಲ್ಲಲ್ಲ."

ಅವಳು ದಡದ ಕಡೆ ಒಂದು ಸಲ ನೋಡಿದಳು.

"ಆದ್ರೆ ಇನ್ನು ತೀರ್ಮಾನ ಯಾಕ್ ಬೇಕು?" ಮುದುಕ ಮುಂದುವರಿಸಿದ. "ಪಟ್ಟಿ ನಿನ್ ಕೈಯಿಂದ ಹೋಗಿದ್ದು ಒಂದ್ ಮಾತಿಂದ. ಆ ಮಾತನ್ನ ಆಡಿದೋನೇ ಮುರ್ದ. ಉರುಲು ಇಡೋಕೆ ನಿಂಗ್ ಬರುತ್ತೆ ಅಂತ ಊರೆಲ್ಲ ನೋಡ್ತು. ಮೆನೋನ ಪಟ್ಟಿ ಮೆನೋನ ಹೆಂಡ್ತೀದು. ಬೇಟೆ ಬರೋ ಮನೇಗೆ ಮಗು. ಕಾರ್ಪೋ, ಹೆಣ್ಣನ್ನ ತೆಗ್ದೋನು ಈ ಬಯಲಿಗೆ ಕಾಲಿಡ್ಬಾರ್ದು. ಅದೂ ನಿಂಗ್ ಗೊತ್ತಿರೋ ಕಟ್ಟಳೇನೇ."

ದಡದಲ್ಲಿ ಪಿನಿಂಗ್ ಅನ್ನದ ಪಾತ್ರೆಯನ್ನು ಮರಳಿನ ಮೇಲೆ ಇಟ್ಟಿತು. "ಎಲ್ಲಿಗೇ?" ಎಂದು ಕಾರ್ಪೋನ ಮಗನೊಬ್ಬ ಗದರಿದ. ಅದು ತಿರುಗಿ ನೋಡಲಿಲ್ಲ. ಲಂಗವನ್ನೂ ಮೇಲೆತ್ತದೆ ನೀರಿಗೆ ಇಳಿದು ತಾಯಿಯ ಕಡೆ ನಡೆಯತೊಡಗಿತು.

ಉರುಲಿನಲ್ಲಿ ಹೆಣ್ಣು ಪಿತಿಕ್ ಇನ್ನೂ ಒದ್ದಾಡುತ್ತಿತ್ತು. "ಕೈ ಮುರ್ದು ಬುಟ್ಟಿಗ್ ಹಾಕು ದಾಯ್," ಎಂದರು ಯಾರೋ. "ಸಂಜೆಗಾಗುತ್ತೆ."

"ಇವ್ಳ ಗಂಡನ್ನ ತಿಂದೋಳು ನಾನು," ಎಂದಳು ಬಸಿಲಿಸಾ.

ದಾರ ಬಿಡಿಸಿದಳು. ಪಿತಿಕ್ಕನ್ನು ಹಿಂದಿನಿಂದ ಕತ್ತಿನ ಹತ್ತಿರ ಹಿಡಿಯಬೇಕು, ಅದು ನಮ್ಮ ಮಕ್ಕಳಿಗೂ ಗೊತ್ತು, ಅವಳಿಗೂ ಗೊತ್ತಿತ್ತು. ಅವಳು ಅದನ್ನು ಎದುರಿನಿಂದ, ತೆರೆದ ಅಂಗೈಯಲ್ಲಿ ಎತ್ತಿಕೊಂಡಳು. ಏನಾಯಿತು ಎಂದು ಯಾರೂ ಕಾಣಲಿಲ್ಲ. ಕಂಡದ್ದು ಹೆಬ್ಬೆರಳು ಮೂಳೆಯವರೆಗೆ ಸೀಳಿದ್ದು, ಮೊಣಕೈವರೆಗೆ ಇಳಿದ ರಕ್ತ. ಗಂಡಸರು ಹೋ ಎಂದರು. ಅವಳು ಅದನ್ನು ಎಸೆಯಲಿಲ್ಲ. ಬಗ್ಗಿ, ಬಿಲದ ಬಾಯಲ್ಲಿಟ್ಟು, ಅದು ಒಳಗೆ ಇಳಿಯುವವರೆಗೆ ಕಾದಳು.

"ಸರಿಯಾಗ್ ಮಾಡ್ದೆ ಕಣೆ," ಎಂದಳು ಅದಕ್ಕೆ.

ಅಷ್ಟರಲ್ಲಿ ಮಗು ಬಂದು ಮುಟ್ಟಿತ್ತು. "ಅಮ್ಮಾ, ರಕ್ತ!" ಎಂದು ತನ್ನ ಅಂಗಿಯ ಅಂಚನ್ನು ಹಲ್ಲಿನಿಂದ ಹರಿದು ಬೆರಳಿಗೆ ಸುತ್ತತೊಡಗಿತು. ಬಸಿಲಿಸಾ ಇನ್ನೊಂದು ಕೈಯಲ್ಲಿ ಅದರ ತಲೆಯನ್ನು ಎದೆಗೆ ಒತ್ತಿಕೊಂಡಳು.

"ಇರ್ಲಿ ಬಿಡು. ಅವ್ಳು ತನ್ನದು ತೀರಿಸ್ಕೊಂಡ್ಲು," ಎಂದಳು. ಮಗಳ ತಲೆಯ ಮೇಲಿಂದ ಅವಳ ಕಣ್ಣು ಕಾರ್ಪೋನ ಮೇಲಿತ್ತು. "ನಂದು ಇನ್ನೂ ತೀರಿಲ್ಲ."

ಕಾರ್ಪೋ ದಡದ ಕಡೆ ತಿರುಗಿದ. ಜನ ಎರಡು ಪಾಲಾಗಿ ದಾರಿ ಬಿಟ್ಟರು, ಯಾರೂ ಜೊತೆಗೆ ಹೋಗಲಿಲ್ಲ. ದಡ ಮುಟ್ಟಿ, ಬಗ್ಗಿ ಅನ್ನದ ಪಾತ್ರೆಯನ್ನು ತಾನೇ ಎತ್ತಿಕೊಂಡು ಮನೆಯ ಕಡೆ ನಡೆದ.